ಮಣ್ಣಾಗದ ಚೂರು

ನಮ್ಮ ಹಿತ್ತಿಲಿನ ಬಾವಿಕಟ್ಟೆಯ ಬಳಿ ಹಳೆಯ ಪ್ಲಾಸ್ಟಿಕ್ ಬಕೆಟ್ಟೊಂದು ಎರಡು ವರ್ಷಗಳಿಂದ ಬಿದ್ದಿದ್ದಿತು. ಮೊನ್ನೆ ಅದನ್ನು ತೆಗೆದಿಡೋಣವೆಂದು ಅಂಚನ್ನು ಹಿಡಿದೆತ್ತಿದೆವು. ಹಿಡಿದಷ್ಟು ಭಾಗವು ಹಪ್ಪಳದಂತೆ ಮುರಿದು ಕೈಯಲ್ಲುಳಿಯಿತು. ಮಿಕ್ಕುದನ್ನು ಗುಡಿಸಹೋದರೆ ಚೂರುಗಳು ಮತ್ತಷ್ಟು ಚೂರಾಗಿ ಮಣ್ಣಿನಲ್ಲಿ ಬೆರೆತುವು. ಸಂಜೆಯವರೆಗೆ ಕುಳಿತು ಆರಿಸಿದರೂ ಎಲ್ಲವೂ ದೊರೆಯಲಿಲ್ಲ.

ತರ್ಕಶಾಸ್ತ್ರವನ್ನು ಓದುವವರಿಗೆ ಮಣ್ಣಿನ ಗಡಿಗೆಯ ದೃಷ್ಟಾಂತವು ಪರಿಚಿತವಷ್ಟೆ. ಗಡಿಗೆಯು ಒಡೆದರೆ ಕಪಾಲ, ಕಪಾಲವು ಸವೆದರೆ ಮಣ್ಣು; ಭೂಮಿಯಿಂದ ಬಂದುದು ಭೂಮಿಗೇ ಸೇರಿತು. ಪ್ಲಾಸ್ಟಿಕ್ಕಿಗೆ ಈ ನ್ಯಾಯವು ಸಲ್ಲದು. ಬಿಸಿಲಿಗೆ ಪೆಡಸಾಗಿ, ಅಲೆಯ ಹೊಡೆತಕ್ಕೆ ಒಡೆದು, ಅದು ಎಷ್ಟು ಸೂಕ್ಷ್ಮವಾದರೂ ಪ್ಲಾಸ್ಟಿಕ್ಕಾಗಿಯೇ ಉಳಿಯುವುದು. 5 ಮಿಲಿಮೀಟರಿಗಿಂತ ಕಿರಿದಾದ ಇಂಥ ಕಣಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. ಇಂಗ್ಲೆಂಡಿನ ರಿಚರ್ಡ್ ಥಾಂಪ್ಸನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕಡಲತೀರದ ಮರಳನ್ನು ಶೋಧಿಸಿ 2004ರಲ್ಲಿ ಪ್ರಕಟಿಸಿದ ಲೇಖನದಿಂದ ಈ ವಿಷಯವು ಲೋಕದ ಗಮನವನ್ನು ಸೆಳೆಯಿತು.

ಈ ಕಣಗಳನ್ನು ಮೀನುಗಳು ಆಹಾರವೆಂದು ಭ್ರಮಿಸಿ ನುಂಗುತ್ತವೆ. ಬಳಚು, ಮರುವಾಯಿ ಮುಂತಾದ ಚಿಪ್ಪಿನ ಜೀವಿಗಳು ಸಮುದ್ರದ ನೀರನ್ನು ಒಳಗೆಳೆದು ಸೋಸಿ ಉಣ್ಣುವಂಥವು. ಅವುಗಳ ಉದರಕ್ಕೂ ಇವು ಸೇರುತ್ತವೆ. ಅವನ್ನು ಉಣ್ಣುವ ಮನೆಗಳಲ್ಲಿ ಕಣಗಳು ಅನ್ನದ ತಟ್ಟೆಗೇ ಮರಳಿ ಬಂದಂತಾಯಿತು.

ಒಮ್ಮೆ ಚದರಿದ ಕಣಗಳನ್ನು ಮರಳಿ ಕೂಡಿಸುವುದು ಎಷ್ಟು ದುಸ್ಸಾಧ್ಯವೆಂಬುದಕ್ಕೆ ಎರಡು ನಿದರ್ಶನಗಳುಂಟು. 2021ರಲ್ಲಿ ಕೊಲಂಬೊ ಬಳಿ ಎಕ್ಸ್‌ಪ್ರೆಸ್ ಪರ್ಲ್ ಎಂಬ ಹಡಗು ಹೊತ್ತಿ ಉರಿದು ಮುಳುಗಿತು. ಕಾರ್ಖಾನೆಗಳಲ್ಲಿ ಕರಗಿಸಿ ಬಳಸುವ ಪ್ಲಾಸ್ಟಿಕ್ ಕಾಳುಗಳು ಅದರಲ್ಲಿ ಸುಮಾರು 1,680 ಟನ್ನುಗಳಷ್ಟಿದ್ದುವು. ಅವು ದಂಡೆಯನ್ನೆಲ್ಲ ಮುಚ್ಚಿ, ಮೀನುಗಾರಿಕೆಯು ನಿಷೇಧಿಸಲ್ಪಟ್ಟು, ಬೆಸ್ತರ ಜೀವನವೇ ಸಂಕಟಕ್ಕೀಡಾಯಿತು. 2025ರ ಮೇ 25ರಂದು ಕೇರಳದ ಸಮುದ್ರದಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿದಾಗಲೂ ಇಂಥವೇ ಕಾಳುಗಳು ತಿರುವನಂತಪುರದ ತೀರಕ್ಕೆ ಬಂದುಬಿದ್ದುವು. ಮರಳಿನಿಂದ ಅವನ್ನು ಬೇರ್ಪಡಿಸಲು ಸ್ವಯಂಸೇವಕರು ಬಹಳ ಶ್ರಮಪಡಬೇಕಾಯಿತು.

ಹಡಗು ಮುಳುಗುವುದು ಎಂದೋ ಒಮ್ಮೆ. ನಮ್ಮ ಮನೆಗಳಿಂದ ಕಡಲಿಗೆ ಹೋಗುವುದಾದರೋ ನಿತ್ಯ. ಅಂಗಳದಲ್ಲಿ ಎಸೆದ ಚೀಲವು ಮೊದಲ ಮಳೆಗೇ ತೋಡನ್ನು ಸೇರಿ, ತೋಡಿನಿಂದ ನೇತ್ರಾವತಿಗೋ ಶರಾವತಿಗೋ ಇಳಿದು ಸಮುದ್ರವನ್ನು ಮುಟ್ಟುವುದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ ಮುಂತಾದುವನ್ನು ಸರಕಾರವು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಿದೆ. ಆದರೆ ಮದುವೆಯ ಪಂಕ್ತಿಗೆ ಬಾಳೆಯೆಲೆಯನ್ನೂ ಸ್ಟೀಲಿನ ಲೋಟವನ್ನೂ ತರಿಸಬೇಕಾದವರು ಯಜಮಾನರೇ ಹೊರತು ಶಾಸನವಲ್ಲ.

ಗೃಹಸ್ಥರು ಮಾಡಬಹುದಾದುದು ಇಷ್ಟು. ಒಣಕಸವನ್ನು ಬೇರೆಯಾಗಿ ಕೂಡಿಟ್ಟು ಪಂಚಾಯಿತಿಯ ಗಾಡಿಗೆ ಕೊಡುವುದು. ಸುಡಲೂ ಕೂಡದು, ತೆಂಗಿನ ಬುಡದಲ್ಲಿ ಹೂಳಲೂ ಕೂಡದು. ಪಾಲಿಯೆಸ್ಟರ್, ನೈಲಾನ್ ಬಟ್ಟೆಗಳನ್ನು ಒಗೆದಾಗಲೆಲ್ಲ ಸೂಕ್ಷ್ಮವಾದ ಎಳೆಗಳು ಉದುರಿ ನೀರಿನೊಡನೆ ಹೋಗುವುವು. ಆದುದರಿಂದ ಹತ್ತಿಯ ಬಟ್ಟೆಯನ್ನು ಹೆಚ್ಚಾಗಿ ಉಡುವುದು ಲೇಸು. ಒಗೆಯುವ ಯಂತ್ರದ ಜಾಲರಿಯಲ್ಲಿ ಕೂಡಿದ ನಾರನ್ನು ಬಚ್ಚಲಿಗೆ ತೊಳೆದುಬಿಡದೆ ಒಣಕಸಕ್ಕೆ ಸೇರಿಸಬೇಕು. ಬಲೆಯನ್ನು ದುರಸ್ತಿ ಮಾಡುವ ಬಂಧುಗಳು ಕತ್ತರಿಸಿದ ನೈಲಾನ್ ತುಂಡುಗಳನ್ನು ದಡದಲ್ಲಿಯೇ ಬಿಡದಿರಲಿ. ಇಡಿಯಾಗಿರುವಾಗಲೇ ಹೆಕ್ಕಬೇಕೆಂಬುದೇ ಇವೆಲ್ಲದರ ತಾತ್ಪರ್ಯ.

ಈ ಉಪದೇಶವನ್ನು ಮಾಡುವ ಅಧಿಕಾರ ನಮಗೆ ಪೂರ್ಣವಾಗಿ ಇಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಆ ಬಕೆಟ್ಟಿನ ಪಕ್ಕದಲ್ಲಿಯೇ ಎರಡು ವರ್ಷ ದಿನವೂ ಸ್ನಾನಕ್ಕೆ ನೀರು ಸೇದಿದೆವು, ಬಗ್ಗಿ ಎತ್ತಲಿಲ್ಲ. ಅಂದು ಅದು ಒಂದೇ ಕೈಗೆ ಬರುತ್ತಿದ್ದಿತು. ವಾಚಕರು ಇಂದೇ ತಮ್ಮ ಹಿತ್ತಿಲನ್ನೊಮ್ಮೆ ಸುತ್ತಿ ಬರಬೇಕೆಂದು ನಮ್ಮ ಪ್ರಾರ್ಥನೆ.