ಮನೆಕೋಳಿ: ತರುವುದು ಎಲ್ಲಿಂದ?

"ಒಂದು ಹತ್ತು ಕೋಳಿ ಸಾಕುವ ಅಂತ ಉಂಟು. ಯಾವ ಜಾತಿ ಆದೀತು?"

ಹಾಲಿನ ಸೊಸೈಟಿಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಈ ಪ್ರಶ್ನೆ ನನಗೆ ಎದುರಾಗುತ್ತಲೇ ಇರುತ್ತದೆ. ಗಿರಿರಾಜ, ಸ್ವರ್ಣಧಾರ, ಕಡಕ್‌ನಾಥ್ – ಹೀಗೆ ಒಂದು ಹೆಸರು ಹೇಳಿಬಿಟ್ಟರೆ ಕೇಳಿದವರಿಗೆ ಸಮಾಧಾನ. "ತರುವುದು ಎಲ್ಲಿಂದ?" ಎಂದು ನಾನು ತಿರುಗಿ ಕೇಳಿದರೆ ಮುಖ ಸಪ್ಪೆ. "ಎಲ್ಲಿಂದಲಾದರೂ ಆಯ್ತಲ್ಲ ಮಾರಾಯ್ರೆ, ಸಂತೆಯಲ್ಲಿ ಸಿಗ್ತದೆ, ಗಾಡಿಯಲ್ಲಿ ಮನೆ ಬಾಗಿಲಿಗೇ ಬರ್ತದೆ."

ಹತ್ತಿಪ್ಪತ್ತು ಕೋಳಿ ಸಾಕುವ ನಮ್ಮಂಥವರ ಮಟ್ಟಿಗೆ ಜಾತಿ ಎರಡನೆಯ ಮಾತು, ತರುವ ಜಾಗ ಮೊದಲನೆಯದು. ಇದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ತೆತ್ತ ಬೆಲೆ ಹದಿನೇಳು ಊರಕೋಳಿ.

2018ರ ಫೆಬ್ರವರಿ. ನಮ್ಮ ಹಟ್ಟಿಯ ಪಕ್ಕದ ಗೂಡಿನಲ್ಲಿ ಹದಿನೇಳು ಕೋಳಿಗಳಿದ್ದವು. ಅತ್ತೆ ತನ್ನ ತವರಿನಿಂದ ಒಂದು ಹೇಂಟೆ ತಂದು ಮಾಡಿದ ಸಂತಾನ. ತೋಟದ ಗೆದ್ದಲು, ಹುಳಹುಪ್ಪಟೆ, ಅಡುಗೆಮನೆಯ ಉಳಿಕೆ, ಸಂಜೆಗೊಂದು ಹಿಡಿ ನುಚ್ಚು – ಇಷ್ಟೇ ಖರ್ಚು. ಗಿಡುಗ ಕಂಡರೆ ಕೂಗು ಹಾಕಿ ಮರಿಗಳನ್ನೆಲ್ಲ ಕಾಫಿ ಗಿಡದ ಬುಡಕ್ಕೆ ಸೇರಿಸುವ ತಾಯಿಕೋಳಿಗಳು ಅವು. ಆದರೆ ಮೊಟ್ಟೆ ಕಡಿಮೆ. ಹನ್ನೆರಡೋ ಹದಿನೈದೋ ಇಟ್ಟು ಕಾವಿಗೆ ಕೂತರೆ ಮತ್ತೆ ಮೊಟ್ಟೆಯ ಮಾತಿಲ್ಲ. ವರ್ಷಕ್ಕೆ ಐವತ್ತು ಅರುವತ್ತು ಸಿಕ್ಕಿದರೆ ಹೆಚ್ಚು.

ಹಾಗಿರುವಾಗ ಗಾಡಿ ಬಂತು. ತಿಂಗಳು ತುಂಬಿದ ಮರಿಗಳು, ಚಂದದ ಬಣ್ಣ, ಚುರುಕಾಗಿಯೂ ಇದ್ದವು. "ಗಿರಿರಾಜ ಅಕ್ಕ, ಲಸಿಕೆ ಎಲ್ಲ ಆಗಿದೆ" ಎಂದ. ಹದಿನೈದು ತೆಗೆದುಕೊಂಡೆ. ಬೇರೆ ಗೂಡು ಎಲ್ಲಿ ಮಾಡುವುದು? ಅದೇ ಗೂಡಿಗೆ ಬಿಟ್ಟೆ.

ಎಂಟನೇ ದಿನ ಹಳೆಯ ಹೇಂಟೆಯೊಂದು ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಕೂತಿತು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರು. ಮರುದಿನ ಮೂರಕ್ಕೆ ಹಾಗಾಯಿತು. ಒಂದು ಹುಂಜದ ಕುತ್ತಿಗೆ ತಿರುಚಿ ಹಿಂದಕ್ಕೆ ಹೋಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಅತ್ತೆಯ ಕೋಳಿ ಒಂದೂ ಉಳಿಯಲಿಲ್ಲ. ಗಾಡಿಯ ಮರಿಗಳಲ್ಲಿ ಸತ್ತದ್ದು ಎರಡು ಮಾತ್ರ!

ನಾನು ಗಾಡಿಯವನಿಗೆ ಹಿಡಿಶಾಪ ಹಾಕುತ್ತಾ ಪಶುವೈದ್ಯರಲ್ಲಿಗೆ ಹೋದೆ. ಲಕ್ಷಣ ಕೇಳಿ ಅವರು ಕೊಕ್ಕರೆ ರೋಗ ಎಂದರು. ರಾಣಿಖೇತ್ ಅನ್ನುವುದೂ ಅದನ್ನೇ. "ಅವನು ಸುಳ್ಳು ಹೇಳಿಲ್ಲ ಅಮ್ಮ. ಲಸಿಕೆ ಆದದ್ದಕ್ಕೇ ಅವನ ಮರಿ ಉಳಿದದ್ದು. ನಿಮ್ಮದಕ್ಕೆ ಯಾವತ್ತಾದರೂ ಹಾಕಿಸಿದ್ದೀರಾ?" ಎಂದು ಕೇಳಿದರು. ಇಲ್ಲ! ಅತ್ತೆಯ ಕಾಲದಿಂದಲೂ ಇಲ್ಲ.

ಲಸಿಕೆ ಕೋಳಿಯನ್ನು ಸಾವಿನಿಂದ ಉಳಿಸುತ್ತದೆ. ರೋಗಾಣು ಮೈಸೇರುವುದನ್ನು ಪೂರ್ತಿ ತಡೆಯಲಾರದು. ನೋಡಲು ಗಟ್ಟಿಮುಟ್ಟಾದ ಲಸಿಕೆಯ ಮರಿ ಹಿಕ್ಕೆಯಲ್ಲಿ, ಸಿಂಬಳದಲ್ಲಿ ರೋಗ ಹರಡುತ್ತಾ ಇರಬಹುದು. ಹತ್ತು ಊರು ತಿರುಗುವ ಗಾಡಿಯಲ್ಲಿ, ಹತ್ತು ಕಡೆಯ ಮರಿಗಳು ಒಂದೇ ಪಂಜರದಲ್ಲಿ ಇದ್ದರೆ ಕೇಳಬೇಕೇ? "ಲಸಿಕೆ ಆಗಿದೆ" ಎಂಬ ಮಾತು ಅವನ ಕೋಳಿಗೆ ಭದ್ರತೆ, ನಮ್ಮ ಗೂಡಿಗಲ್ಲ. ಇದು ತಿಳಿಯದೆ ಕೋಳಿ ಕಳಕೊಂಡವರು ನಾನೊಬ್ಬಳೇ ಅಲ್ಲ ಎಂದು ಆಮೇಲೆ ಗೊತ್ತಾಯಿತು.

ಅಂದರೆ ಗಾಡಿಯಿಂದ ತರಲೇಬಾರದೇ? ನಾನಂತೂ ತರುವುದಿಲ್ಲ. ಇನ್ನೊಂದು ಕಾರಣವೂ ಉಂಟು. ನಮ್ಮಲ್ಲಿ ಬಣ್ಣದ ಗರಿ ಇದ್ದದ್ದೆಲ್ಲ 'ಗಿರಿರಾಜ'. ನಿಜವಾದ ಗಿರಿರಾಜ ಬೆಂಗಳೂರು ಹೆಬ್ಬಾಳದಲ್ಲಿ, ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಅಭಿವೃದ್ಧಿಪಡಿಸಿದ ತಳಿ. ಸ್ವರ್ಣಧಾರ ಅದರ ನಂತರ ಬಂದದ್ದು, ಮೊಟ್ಟೆಯಲ್ಲಿ ಇನ್ನೂ ಮುಂದು. ಈಗ ಅಲ್ಲಿಯ ಪಶುವೈದ್ಯ ಕಾಲೇಜು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗಿದೆ. ಗಾಡಿಯವನಿಗೆ ಮರಿಯ ಅಪ್ಪ ಅಮ್ಮ ಯಾರೆಂದು ಗೊತ್ತಿರುವುದಿಲ್ಲ, ಮುಂದಿನ ತಿಂಗಳು ಅವನು ಎಲ್ಲಿರುತ್ತಾನೆಂದು ನಮಗೂ ಗೊತ್ತಿರುವುದಿಲ್ಲ.

ಗುಲಾಬಿ, ಹಸಿರು ಬಣ್ಣ ಬಳಿದು ಜಾತ್ರೆಯಲ್ಲಿ ಮಾರುವ ಪಿಳ್ಳೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಹೆಚ್ಚಾಗಿ ಮೊಟ್ಟೆಕೋಳಿ ಹ್ಯಾಚರಿಯವರಿಗೆ ಬೇಡವಾದ ಗಂಡುಮರಿ. ಮಕ್ಕಳು ಹಠ ಮಾಡಿದರೆ ಐಸ್‌ಕ್ರೀಂ ಕೊಡಿಸಿ.

ಫಾರ್ಮಿನವರು ಒಂದೂವರೆ ವರ್ಷ ಮೊಟ್ಟೆ ತೆಗೆದು ಹೊರಹಾಕುವ ಬಿಳಿ ಕೋಳಿಗಳೂ ಅಗ್ಗಕ್ಕೆ ಬರುತ್ತವೆ. "ಇನ್ನೂ ಮೊಟ್ಟೆ ಇಡ್ತದೆ" ಎನ್ನುತ್ತಾರೆ. ಇಡುತ್ತದೆ, ಸ್ವಲ್ಪ ದಿನ. ಆದರೆ ಕೊಕ್ಕಿನ ತುದಿ ಕತ್ತರಿಸಿದ, ಹುಟ್ಟಿದಂದಿನಿಂದ ಪಂಜರದಲ್ಲೇ ನಿಂತ ಕೋಳಿಗೆ ಮಣ್ಣು ಕೆದರಲು ಬಾರದು, ಗಿಡುಗನ ನೆರಳು ಗೊತ್ತಿಲ್ಲ. ನಮ್ಮ ಗುಡ್ಡದ ಬದಿಯ ಮನೆಗಳಲ್ಲಿ ಅವು ಮುಂಗುಸಿಗೆ ಇಟ್ಟ ಊಟ.

ಇನ್ನು ಸಂತೆ. ಸಂತೆಯಲ್ಲಿ ಒಳ್ಳೆಯ ಕೋಳಿ ಇರುವುದಿಲ್ಲ ಎಂದಲ್ಲ. ಆದರೆ ನಾವೇ ಎದೆ ಮುಟ್ಟಿ ಹೇಳೋಣ, ಊರಿಗೆ ಕೊಕ್ಕರೆ ರೋಗ ಬಂತೆಂದು ಸುದ್ದಿಯಾದರೆ ನಾವು ಮಾಡುವುದೇನು? ಸಾಯುವ ಮುಂಚೆ ಕಾಸಾಗಲಿ ಎಂದು ಗೋಣಿಯಲ್ಲಿ ತುಂಬಿಸಿ ಸಂತೆಗೆ ಒಯ್ಯುವುದು. ಕೊಂಡವನು ಇಡೀ ಊರಿಗೆ ರೋಗ ಕೊಂಡುಹೋಗುತ್ತಾನೆ. ನಮ್ಮ ಕಡೆ ಈ ರೋಗ ಹೆಚ್ಚು ಕಾಣುವುದು ಬೇಸಿಗೆಯಲ್ಲಿ. ಅದೇ ಹೊತ್ತಿಗೆ ಕೋಲ, ನೇಮ, ಅಂಕ ಎಂದು ಕೋಳಿಗಳ ಓಡಾಟವೂ ಹೆಚ್ಚು. ಅಂಕಕ್ಕೆ ಹೋಗಿ ಬಂದ ಹುಂಜವನ್ನು ಹೇಂಟೆಗಳ ನಡುವೆ ಬಿಡುವವರಿಗೆ ಏನು ಹೇಳಲಿ! ಊಟಕ್ಕೆ ಸಂತೆಯಿಂದ ತನ್ನಿ, ತಂದ ದಿನವೇ ಕೊಯ್ಯಿರಿ, ಗರಿ ಕರುಳು ಆಳಕ್ಕೆ ಹೂಳಿರಿ. ಸಾಕುವುದಕ್ಕೆ ಬೇಡ.

ಮೊಟ್ಟೆ ಹೆಚ್ಚು ಬೇಕು, ಮಾರಾಟವೂ ಆಗಬೇಕು ಎನ್ನುವವರು ಹೆಬ್ಬಾಳವೋ, ಹೆಸರಘಟ್ಟದ ಕೇಂದ್ರ ಸರಕಾರದ ಕೋಳಿ ಸಂಸ್ಥೆಯೋ, ವಿಳಾಸ ಇರುವ ಹ್ಯಾಚರಿಯೋ – ಇಂಥ ಕಡೆಯಿಂದಲೇ ಒಂದು ದಿನದ ಮರಿ ತರಿಸುವುದು ಮೇಲು. ಮೊದಲೇ ಹೇಳಿಡಬೇಕಾಗುತ್ತದೆ. ದೂರಕ್ಕೆ ಹೆದರಬೇಕಿಲ್ಲ. ಮೊಟ್ಟೆಯೊಡೆದ ಮರಿಯ ಹೊಟ್ಟೆಯಲ್ಲಿ ಭಂಡಾರದ ಅಂಶ ಉಳಿದಿರುವುದರಿಂದ ಎರಡು ದಿನ ನೀರು ಆಹಾರವಿಲ್ಲದೆ ತಡೆಯುತ್ತವೆ, ರಾತ್ರಿ ಬಸ್ಸಿನಲ್ಲಿ ಗಾಳಿತೂತಿನ ಪೆಟ್ಟಿಗೆಯಲ್ಲಿ ಬರುತ್ತವೆ. ಕಷ್ಟ ಇರುವುದು ಬಂದ ಮೇಲೆ. ಮೂರು ವಾರ ಬಲ್ಬಿನ ಬಿಸಿ ಬೇಕು. ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ 5ರಂತೆ ಇಳಿಸುವುದು. ಆಟಿಯ ಮಳೆಗೆ ಮೂರು ದಿನ ಕರೆಂಟಿಲ್ಲದ ನಮ್ಮಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಮರಿ ತರಿಸುವ ಸಾಹಸವೇ ಬೇಡ, ನವರಾತ್ರಿ ಕಳೆಯಲಿ. ಇನ್ನೊಂದು ಮಾತು: ಗಿರಿರಾಜ ಕಾವಿಗೆ ಕೂರುವ ಕೋಳಿಯಲ್ಲ. ಅದು ಅಡ್ಡತಳಿಯಾದ್ದರಿಂದ ಅದರ ಮೊಟ್ಟೆಯಿಂದ ಮರಿ ಮಾಡಿಸಿದರೂ ತಾಯಿಯ ಗುಣ ಹಾಗೆಯೇ ಬರುವುದಿಲ್ಲ. ಪ್ರತಿ ಸಲವೂ ಹೊಸ ಮರಿ ಕೊಳ್ಳಬೇಕು. ಅದು ಒಪ್ಪಿಗೆಯಾದರೆ ಸರಿ.

ನನಗೆ ಒಪ್ಪಿಗೆಯಾಗಲಿಲ್ಲ. ನನಗೆ ಬೇಕಿದ್ದದ್ದು ಕಾವಿಗೆ ಕೂರುವ ಹೇಂಟೆ. ಗೂಡು ಆರು ತಿಂಗಳು ಖಾಲಿ ಬಿಟ್ಟೆ, ಸುಣ್ಣ ಬಳಿದೆ. ಉಳಿದಿದ್ದ ಗಾಡಿಯ ಕೋಳಿಗಳೆಲ್ಲ ಸಾರಿಗೆ ಹೋಗಿದ್ದವು. ಅತ್ತೆ ಒಂದು ಮಾತೂ ಬೈಯಲಿಲ್ಲ, ಅದೇ ದೊಡ್ಡ ಬೇಜಾರು. ಒಂದು ದಿನ ಅವರೇ ಹೇಳಿದರು, "ತೋಡಿನಾಚೆ ಮನೆಯಲ್ಲಿ ಕೇಳಿ ನೋಡು. ನೀನು ಬರುವ ಮೊದಲು ಅವರಿಗೊಂದು ಹೇಂಟೆ ಪಾಲಿಗೆ ಕೊಟ್ಟಿದ್ದೆ."

ಪಾಲಿಗೆ ಕೊಡುವುದು ಎಂದರೆ ಈಗಿನವರಿಗೆ ಗೊತ್ತಿದೆಯೋ ಇಲ್ಲವೋ. ಕೋಳಿ ನಮ್ಮದು, ಸಾಕುವ ಕೆಲಸ ಅವರದ್ದು, ಮರಿಯಾದರೆ ಅರ್ಧರ್ಧ. ಬಡತನದ ಕಾಲದ ಏರ್ಪಾಡು. ತೋಡಿನಾಚೆಯ ಅಕ್ಕನ ಅಂಗಳದಲ್ಲಿ ಹೋಗಿ ನಿಂತಾಗ ನನಗೆ ಕಂಡದ್ದು ನಮ್ಮದೇ ಕೋಳಿ! ಅದೇ ಚುಕ್ಕೆ, ಅದೇ ಕುಳ್ಳು ಕಾಲು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಕೋಳಿಯನ್ನೂ ಕೂಡಲೇ ಕೊಡಲಿಲ್ಲ. "ನಾಲ್ಕು ದಿನ ಬಿಟ್ಟು ಬಾ, ಕಾವಿಗೆ ಕೂರುವ ಅಂದಾಜಿದೆ. ಮೊಟ್ಟೆ ಸಮೇತ ಕೊಡ್ತೇನೆ" ಎಂದರು. ಒಂದು ಹೆಡಿಗೆಯಲ್ಲಿ ಹೇಂಟೆ, ಇನ್ನೊಂದರಲ್ಲಿ ಭತ್ತದ ಹೊಟ್ಟಿನ ಮೇಲೆ ಹನ್ನೊಂದು ಮೊಟ್ಟೆ. ಕತ್ತಲಾದ ಮೇಲೆ ತಂದು ಕೂರಿಸಿದೆ, ಇಪ್ಪತ್ತೊಂದನೇ ದಿನಕ್ಕೆ ಒಂಬತ್ತು ಮರಿ.

ಕೊಳ್ಳುವುದಾದರೆ ಇಂಥಲ್ಲಿ ಕೊಳ್ಳಬೇಕು ಎಂಬುದು ನನ್ನ ವಾದ. ನಡೆದು ಹೋಗುವಷ್ಟು ದೂರದ ಮನೆ. ಅಲ್ಲಿ ತಾಯಿಕೋಳಿ ಕಣ್ಣೆದುರಿರುತ್ತದೆ, ಹಿಂದಿನ ಬೇಸಿಗೆಯಲ್ಲಿ ಅವರಲ್ಲಿ ಕೋಳಿ ಸತ್ತಿತ್ತೇ ಎಂಬುದು ಊರಿಗೇ ಗೊತ್ತಿರುತ್ತದೆ. ಹಗಲಲ್ಲೇ ಹೋಗಿ. ಕಣ್ಣು ಮೂಗು ಸ್ವಚ್ಛ ಇರಬೇಕು, ಹಿಂಭಾಗದ ಗರಿಗೆ ಹಿಕ್ಕೆ ಅಂಟಿರಬಾರದು. ರೆಕ್ಕೆಯಡಿ ಬಿಡಿಸಿ ಹೇನು ಉಂಟೋ ನೋಡಿ. ಕಾಲಿನ ಹುರುಪೆ ನುಣುಪಿದ್ದರೆ ಎಳೆಯದು, ಎದ್ದು ಒರಟಾಗಿದ್ದರೆ ವಯಸ್ಸಾದದ್ದು. ನೆರೆಮನೆಯದ್ದೇ ಆದರೂ ಹೊಸ ಕೋಳಿಯನ್ನು ಮೂರು ವಾರ ಬೇರೆ ಕಡೆ ಕಟ್ಟಿಹಾಕಿ. ಮೊದಲು ಹಳೆಯವಕ್ಕೆ ಕಾಳು ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ. ಅದರ ನೀರಿನ ಚಿಪ್ಪೂ ಬೇರೆ ಇರಲಿ.

"ಊರಕೋಳಿ ಸಾಕಿದರೆ ಹೊಟ್ಟೆ ತುಂಬುತ್ತದಾ?" ಎಂದು ನಮ್ಮವರೇ ಕೇಳುತ್ತಾರೆ. ಲೆಕ್ಕಕ್ಕೆ ಗಿರಿರಾಜವೇ ಗೆಲ್ಲುತ್ತದೆ, ಒಪ್ಪಿದೆ. ಆದರೆ ಚೀಲದ ಆಹಾರ, ಬಲ್ಬು, ಪ್ರತಿ ಸಲದ ಮರಿಯ ದುಡ್ಡು ಕಳೆದು ನೋಡಿ. ನಮಗೆ ಮನೆಖರ್ಚಿಗೆ ಮೊಟ್ಟೆ, ನೆಂಟರು ಬಂದಾಗ ಒಂದು ಸಾರು, ನೇಮದ ಸಮಯಕ್ಕೆ ಎರಡು ಹುಂಜ ಮಾರಾಟ – ಇಷ್ಟು ಸಾಕು. ಆಸೆಯಿದ್ದವರು ಹೇಂಟೆಯ ಕಾವಿಗೆ ನಾಲ್ಕು ಸ್ವರ್ಣಧಾರದ ಮೊಟ್ಟೆ ಇಟ್ಟು ನೋಡಬಹುದು. ನಾನೂ ಒಮ್ಮೆ ಇಟ್ಟಿದ್ದೆ, ಹೇಂಟೆ ಭೇದ ಮಾಡಲಿಲ್ಲ.

ಲಸಿಕೆಯನ್ನು ಮಾತ್ರ ಈಗ ಬಿಡುವುದಿಲ್ಲ. ಮರಿಗೆ ಮೊದಲ ವಾರದಲ್ಲಿ ಲಸೋಟ ಒಂದು ಹನಿ ಕಣ್ಣಿಗೆ, ನಾಲ್ಕನೇ ವಾರ ಇನ್ನೊಮ್ಮೆ, ಎರಡು ತಿಂಗಳಾದಾಗ ರೆಕ್ಕೆಯಡಿ ಆರ್‌-2-ಬಿ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯವನು ಒಬ್ಬನೇ ತಂದರೆ ಉಳಿದದ್ದು ಚೆಲ್ಲುವುದಕ್ಕೇ. ಹಾಗಾಗಿ ತೋಡಿನ ಎರಡೂ ಬದಿಯ ಐದು ಮನೆಯವರು ಒಟ್ಟಾಗಿದ್ದೇವೆ. ಥರ್ಮಾಸಿನಲ್ಲಿ ಐಸು ಹಾಕಿ ಲಸಿಕೆ ತರುವುದು ನಮ್ಮವರ ಕೆಲಸ, ಕೋಳಿ ಹಿಡಿಯುವುದು ಮಕ್ಕಳದ್ದು. ಬೆಳಿಗ್ಗೆ ಗೂಡು ಬಿಡುವ ಮುಂಚೆ ಐದೂ ಮನೆ ಮುಗಿಯುತ್ತದೆ.

ಆ ಐದರಲ್ಲಿ ಮೂರು ಮನೆಗೆ ನಾನೇ ಹೇಂಟೆ ಕೊಟ್ಟಿದ್ದೇನೆ, ಪಾಲಿಗೆ. ನಾಲ್ಕನೆಯವರು ಕಡಕ್‌ನಾಥ್ ತರುತ್ತೇನೆಂದು ಹೋದವರು ಬೆಲೆ ಕೇಳಿ ವಾಪಸು ಬಂದು, ಈಗ ನನ್ನ ಕರಿ ಹೇಂಟೆ ಕಾವಿಗೆ ಕೂರುವುದನ್ನು ಕಾಯುತ್ತಿದ್ದಾರೆ.