ಪ್ರೋಟೀನಿನ ಬೀಸುಕಲ್ಲು

೨೦೧೪ನೆಯ ಇಸವಿಯ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೆಂಗಳೂರಿನ ಹೆಸರು ಬಂದುದು ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು. ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯವೂ ಕೂಡಿ, ಅಖಿಲೇಶ್ ಪಾಂಡೆಯವರ ನೇತೃತ್ವದಲ್ಲಿ, ಮನುಷ್ಯ ದೇಹದ ಪ್ರೋಟೀನುಗಳ ಕರಡು ನಕ್ಷೆಯೊಂದನ್ನು ಸಿದ್ಧಪಡಿಸಿದ್ದುವು. ಅಂಗಾಂಶ ಮತ್ತು ಜೀವಕೋಶಗಳ ೩೦ ಮಾದರಿಗಳನ್ನು ಶೋಧಿಸಿ ೧೭,೨೯೪ ಜೀನುಗಳ ಪ್ರೋಟೀನುಗಳನ್ನು ಗುರುತಿಸಿದ ಸಾಹಸವದು. ಇಂಥ ಕಾರ್ಯವನ್ನು ಕುರಿತು ಮಾತನಾಡುವಾಗ ನಾವು ಹೊಗಳುವುದು ಮಾಸ್ ಸ್ಪೆಕ್ಟ್ರಾಮೀಟರ್ ಎಂಬ ರಾಶಿರೋಹಿತಮಾಪಕವನ್ನು. ಆ ಯಂತ್ರಕ್ಕೆ ಉಣಿಸುವ ಮೊದಲು ನಡೆಯಬೇಕಾದ ಅಡಿಗೆಯ ಮಾತನ್ನು ಎತ್ತುವವರು ವಿರಳ. ನನ್ನ ತಕರಾರು ಇರುವುದು ಅಲ್ಲಿಯೇ.

ಭೌತವಿಜ್ಞಾನದ ಉಪಾಧ್ಯಾಯರಿಗೆ ಈ ಯಂತ್ರ ಅಪರಿಚಿತವಲ್ಲ. ಆಸ್ಟನ್ ೧೯೧೯ರಲ್ಲಿ ಕಟ್ಟಿದ ಉಪಕರಣವನ್ನು ಕುರಿತು ನಾವು ಪ್ರತಿವರ್ಷ ಪಾಠ ಹೇಳುತ್ತೇವೆ. ಅಯಾನುಗಳನ್ನು ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರಗಳಲ್ಲಿ ಹಾಯಿಸಿ ತೂಕವನ್ನು ಕಂಡುಕೊಳ್ಳುವ ಮೂಲತತ್ತ್ವ ಇಂದಿಗೂ ಉಳಿದಿದೆ. ಆದರೆ ಇಡೀ ಪ್ರೋಟೀನು ಈ ತಕ್ಕಡಿಗೆ ತೊಡಕಿನ ಸರಕು. ಅದನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ತುಂಡುಗಳನ್ನು ತೂಗಿ, ಜೀನುಗಳ ಪಟ್ಟಿಯೊಡನೆ ತಾಳೆ ನೋಡುವುದು ರೂಢಿ.

ಕತ್ತರಿಸುವ ಕೆಲಸ ಟ್ರಿಪ್ಸಿನ್ ಎಂಬ ಕಿಣ್ವದ್ದು. ನಾವುಂಡ ಬೇಳೆಯ ಪ್ರೋಟೀನನ್ನು ಸಣ್ಣ ಕರುಳಿನಲ್ಲಿ ಕತ್ತರಿಸುವವುಗಳಲ್ಲಿ ಇದೂ ಒಂದು. ಲೈಸೀನ್, ಆರ್ಜಿನೀನ್ ಎಂಬ ಎರಡು ಅಮೈನೋ ಆಮ್ಲಗಳಾದ ಮೇಲೆ ಮಾತ್ರ ಕೊಯ್ಯುವುದು ಅದರ ವ್ರತ. ತುಂಡುಗಳ ಲೆಕ್ಕ ಹಿಡಿಯಲು ಸಾಧ್ಯವಾಗುವುದು ಈ ನಿಯಮದಿಂದಲೇ. ಆದರೆ ಟ್ರಿಪ್ಸಿನ್ನೂ ಒಂದು ಪ್ರೋಟೀನು; ಹೆಚ್ಚು ಸುರಿದರೆ ತನ್ನನ್ನೇ ಕೊಯ್ದುಕೊಳ್ಳುವುದು. ಬೀಸುಕಲ್ಲು ಸವೆದರೆ ರಾಗಿಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರುವುದಿಲ್ಲವೆ? ಅದರಂತೆಯೇ ಇದು. ಆದಕಾರಣ ೫೦ ಪಾಲು ಪ್ರೋಟೀನಿಗೆ ಒಂದು ಪಾಲಿನಷ್ಟು ಮಾತ್ರ ಹಾಕಿ, ೩೭ ಡಿಗ್ರಿ ಶಾಖದಲ್ಲಿ ರಾತ್ರಿಯೆಲ್ಲ ಇಡುತ್ತಾರೆ. “ಸಾರ್, ಯಂತ್ರಕ್ಕೆ ಒಂದು ಗಂಟೆ ಸಾಕು, ಟ್ರಿಪ್ಸಿನ್ನಿಗೆ ಒಂದು ರಾತ್ರಿ ಬೇಕು” ಎಂದು ಪ್ರಯೋಗಾಲಯವೊಂದರಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿನಿ ಹೇಳಿದಾಗ ನನಗೆ ನಗು ಬಂದಿತು. ಕತ್ತರಿಕೆ ಅರ್ಧಂಬರ್ಧವಾಗಿ, ರೋಗಿಯೊಬ್ಬನಿಂದ ತೆಗೆದ ಒಂದೇ ಒಂದು ಚೂರು ಅಂಗಾಂಶ ವ್ಯರ್ಥವಾದುದನ್ನು ಅವಳು ವಿವರಿಸಿದ ಮೇಲೆ ನಗು ನಿಂತಿತು.

ಇದಕ್ಕೆ ಉಪಾಯ ಹೊಸದೇನಲ್ಲ. ಕಿಣ್ವವನ್ನು ಆಧಾರವೊಂದಕ್ಕೆ ಕಟ್ಟಿಹಾಕಿದರೂ ಅದರ ಚಟುವಟಿಕೆ ಉಳಿಯುವುದೆಂದು ನೆಲ್ಸನ್ ಮತ್ತು ಗ್ರಿಫಿನ್ ೧೯೧೬ರಲ್ಲಿಯೇ ಇದ್ದಲಿನ ಮೇಲೆ ತೋರಿಸಿದರು. ಜಪಾನಿನಲ್ಲಿ ಚಿಬಾತ ಎಂಬವರ ತಂಡ ೧೯೬೯ರಲ್ಲಿ ಇದನ್ನು ಕಾರ್ಖಾನೆಗೆ ಒಯ್ದಿತು. ಟ್ರಿಪ್ಸಿನ್ನನ್ನು ಹೀಗೆ ಸಿಲಿಕಾ ಮಣಿಗಳಿಗೋ ಸಣ್ಣ ನಳಿಕೆಯೊಳಗಿನ ರಂಧ್ರಮಯ ಪದಾರ್ಥಕ್ಕೋ ಬಂಧಿಸಿ ಪ್ರೋಟೀನಿನ ದ್ರಾವಣವನ್ನು ಹರಿಯಿಸಿದರೆ, ಕಿಣ್ವ ಒತ್ತೊತ್ತಾಗಿದ್ದರೂ ಪರಸ್ಪರ ಕೊಯ್ದುಕೊಳ್ಳುವುದು ಬಹುಮಟ್ಟಿಗೆ ತಪ್ಪುವುದು. ರಾತ್ರಿಯ ಕೆಲಸ ನಿಮಿಷಗಳಲ್ಲಿ ಮುಗಿಯಬಲ್ಲದು. ಕಿಣ್ವವನ್ನು ಮತ್ತೆ ಬಳಸಲೂಬಹುದು.

ಇಲ್ಲಿ ಭೌತವಿಜ್ಞಾನದ ಪ್ರವೇಶವಾಗುತ್ತದೆ. ಕಿಣ್ವ ಗೋಡೆಗೆ ಅಂಟಿರುವಾಗ ಪ್ರೋಟೀನು ತಾನೇ ಅಲೆಯುತ್ತ ಗೋಡೆಯನ್ನು ಮುಟ್ಟಬೇಕಷ್ಟೆ. ವಿಸರಣದ ಕಾಲ ದೂರದ ವರ್ಗಕ್ಕೆ ಅನುಗುಣವಾದುದು. ರಕ್ತದ ಆಲ್ಬುಮಿನ್ನಿನಂಥ ಪ್ರೋಟೀನು ನೀರಿನಲ್ಲಿ ೧ ಮಿಲಿಮೀಟರು ಅಲೆಯಲು ಎರಡು ಗಂಟೆಗೂ ಮಿಕ್ಕ ಕಾಲ ಬೇಕು; ಅದರ ನೂರರಲ್ಲೊಂದು ಪಾಲಾದ ೧೦ ಮೈಕ್ರೋಮೀಟರಿಗೆ ಒಂದು ಸೆಕೆಂಡೂ ಬೇಡ. ರಂಧ್ರ ಎಷ್ಟು ಕಿರಿದಿರಬೇಕು, ಹರಿವು ಎಷ್ಟು ನಿಧಾನವಿರಬೇಕು ಎಂಬುದೆಲ್ಲ ಈ ಒಂದು ಲೆಕ್ಕದ ಮಕ್ಕಳು.

ಜೀವವಿಜ್ಞಾನದ ಮಿತ್ರರು ಒಪ್ಪುವುದಿಲ್ಲ. ೯೬ ಗುಳಿಗಳ ತಟ್ಟೆಯಲ್ಲಿ ೯೬ ಮಾದರಿಗಳನ್ನು ಒಟ್ಟಿಗೆ ಇಟ್ಟು ಮನೆಗೆ ಹೋಗಿ ಮಲಗಬಹುದಲ್ಲ, ಅವಸರವೇನು ಎನ್ನುತ್ತಾರೆ. ಮಾತು ಸುಳ್ಳಲ್ಲ. ನಳಿಕೆಗೂ ತನ್ನದೇ ರೋಗಗಳುಂಟು: ಕೆಲವು ಪ್ರೋಟೀನುಗಳು ಗೋಡೆಗೆ ಅಂಟಿಕೊಳ್ಳುವುವು, ನಿನ್ನೆಯ ಮಾದರಿಯ ಶೇಷ ಇಂದಿನದರಲ್ಲಿ ಇಣುಕುವುದು. ಒಬ್ಬ ರೋಗಿಯ ಪ್ರೋಟೀನು ಇನ್ನೊಬ್ಬನ ಲೆಕ್ಕಕ್ಕೆ ಸೇರಿದರೆ ಅನರ್ಥವೇ ಸರಿ. ಆದರೆ ಈ ರೋಗಗಳು ಮೇಲ್ಮೈಗಳ ರೋಗಗಳು. ಅವನ್ನು ಅರಿಯಲು ಕೋಟಿ ರೂಪಾಯಿಯ ಯಂತ್ರ ಬೇಡ.

ನಮ್ಮ ತಣಿಸಂದ್ರದಿಂದ ಬಹು ದೂರವಲ್ಲದ ಜಿ.ಕೆ.ವಿ.ಕೆ. ಆವರಣದ ಸಿ-ಕ್ಯಾಂಪ್ ಸಂಸ್ಥೆಯಲ್ಲಿ ದೊಡ್ಡ ಯಂತ್ರಗಳುಂಟು. ಕಿಣ್ವಗಳಂತೂ ಈ ಊರಿಗೆ ಹೊಸವಲ್ಲ. ೧೯೭೮ರಲ್ಲಿ ಆರಂಭವಾದ ಬಯೋಕಾನಿನ ಮೊದಲ ಸರಕುಗಳಲ್ಲಿ ಪರಂಗಿಕಾಯಿಯ ಹಾಲಿನ ಪಾಪೈನ್ ಒಂದು. ಇಲ್ಲದಿರುವುದು ಇವೆರಡರ ನಡುವಿನ ನಳಿಕೆಯನ್ನು ತನ್ನ ಕೆಲಸವೆಂದು ತಿಳಿಯುವ ಕಾಲೇಜು. ಬಿ.ಎ.ಪಿ.ಎನ್.ಎ. ಎಂಬ ಪದಾರ್ಥವನ್ನು ಟ್ರಿಪ್ಸಿನ್ ಕೊಯ್ದರೆ ಹಳದಿ ಬಣ್ಣ ಹುಟ್ಟುವುದು. ಬಣ್ಣವನ್ನು ಅಳೆಯಲು ಸಾಧಾರಣ ಕಲರಿಮೀಟರು ಸಾಕು. ಅದು ಸಣ್ಣ ಅಣುವಾದ್ದರಿಂದ ನಿಜವಾದ ಪ್ರೋಟೀನಿನ ಪರೀಕ್ಷೆ ಆಮೇಲೆ ಬೇರೆ ಆಗಬೇಕು. ಈ ವರ್ಷ ಎಂ.ಎಸ್‌ಸಿ.ಯ ಇಬ್ಬರು ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ಒಪ್ಪಿಸಿದ್ದೇನೆ. ಗಾಜಿನ ಮಣಿಗಳು ಬಂದಿವೆ. ಕಲರಿಮೀಟರನ್ನು ರಸಾಯನ ವಿಭಾಗದವರಲ್ಲಿ ಎರವಲು ಕೇಳಿದ್ದೇವೆ.