ಕೋರ್ ಎಂಟು, ದುಡಿಯುವುದು ಒಂದೇ!



ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಷ್ಟು ಕೋರ್ ಇವೆ? ಎಂಟು? ಹದಿನಾರು? ನೀವೇ ಕಳೆದ ವಾರ ಬರೆದ ಪ್ರೋಗ್ರಾಂ ಓಡಿಸಿ, ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಬಹುಪಾಲು ಸಲ ಒಂದು ಕೋರ್ ಬೆವರು ಸುರಿಸುತ್ತಿರುತ್ತದೆ, ಉಳಿದವು ಅರಳಿಕಟ್ಟೆ ಮೇಲೆ ಕೂತು ಹರಟೆ ಹೊಡೆಯುತ್ತಿರುತ್ತವೆ. ದುಡ್ಡು ಮಾತ್ರ ಎಂಟಕ್ಕೂ ಕೊಟ್ಟಿದ್ದೇವೆ!

ತೊಂಬತ್ತರ ದಶಕದಲ್ಲಿ ಓದಿ ಊರು ಬಿಟ್ಟ ನನ್ನಂಥವರಿಗೆ ಒಂದು ಕೆಟ್ಟ ಚಾಳಿ ಇತ್ತು. ಪ್ರೋಗ್ರಾಂ ನಿಧಾನವೇ? ಎರಡು ವರ್ಷ ಕಾಯಿರಿ, ಹೊಸ ಪ್ರೊಸೆಸರ್ ಬಂದು ಸರಿಮಾಡುತ್ತದೆ. ಆ ಕಾಲ ಮುಗಿದು ಇಪ್ಪತ್ತು ವರ್ಷದ ಮೇಲಾಯಿತು. 2004ರಲ್ಲಿ ಪೆಂಟಿಯಂ 4 ಚಿಪ್ 3.8 ಗಿಗಾಹರ್ಟ್ಸ್ ಮುಟ್ಟಿ ಅಲ್ಲೇ ನಿಂತಿತು. ಅದೇ ವರ್ಷ ಇಂಟೆಲ್ ಅದರ ಮುಂದಿನ ಪೀಳಿಗೆಯ ಚಿಪ್ಪನ್ನು ಕೈಬಿಟ್ಟಿತು. ಶಾಖ ತಡೆಯಲಾಗಲಿಲ್ಲ, ಅಷ್ಟೇ. 2005ರಲ್ಲಿ ಇಂಟೆಲ್, ಎಎಂಡಿ ಎರಡೂ ಎರಡು ಕೋರಿನ ಡೆಸ್ಕ್‌ಟಾಪ್ ಪ್ರೊಸೆಸರ್ ತಂದವು. ಪುಕ್ಕಟೆ ಊಟ ಮುಗಿಯಿತು ಎಂದು ಹರ್ಬ್ ಸಟರ್ ಅದೇ ವರ್ಷ ಡಾ. ಡಾಬ್ಸ್ ಜರ್ನಲ್‌ನಲ್ಲಿ ಎಚ್ಚರಿಸಿದರು. ಇಂದಿನ ಚಿಪ್‌ಗಳು 5 ಗಿಗಾಹರ್ಟ್ಸ್ ದಾಟಿರಬಹುದು, ಆದರೆ ಇಪ್ಪತ್ತು ವರ್ಷದ ದುಡಿಮೆಗೆ ಅದೇನು ಮಹಾ?

ನಾನು ಆ ಲೇಖನ ಓದಿ, ನೋಡೋಣ ಬಿಡು ಅಂದುಕೊಂಡವನು. ಮುಂದಿನ ವರ್ಷವೇ ಪೆಟ್ಟು ತಿಂದೆ. ಒಂದು ಕೋರಿನ ಸರ್ವರಿನಲ್ಲಿ ಮೂರು ವರ್ಷ ತೆಪ್ಪಗೆ ಓಡಿದ್ದ ನಮ್ಮ ಬಿಲ್ಲಿಂಗ್ ಕೋಡ್, ಎರಡು ಕೋರಿನದಕ್ಕೆ ಹಾಕಿದ ಮೇಲೆ ತಿಂಗಳಿಗೊಮ್ಮೆ ಲೆಕ್ಕ ತಪ್ಪತೊಡಗಿತು. ಹುಡುಕಲೆಂದು ಮಧ್ಯೆ ಒಂದು ಪ್ರಿಂಟ್ ಸಾಲು ಸೇರಿಸಿದರೆ ತಪ್ಪು ಮಾಯ! ತೆಗೆದರೆ ಮತ್ತೆ ಹಾಜರು. ಮೂರು ವಾರ ನಿದ್ದೆ ಇಲ್ಲ. ಬರೆದವನು ನಾನೇ, ಬೈಯಲು ಬೇರೆ ಯಾರೂ ಇರಲಿಲ್ಲ.

ಆ ತಪ್ಪು ಏನೆಂದು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನಿಗೆ ಹೇಳಲು ಹೋದೆ. 'ರೇಸ್ ಕಂಡಿಷನ್' ವ್ಯಾಖ್ಯೆ ಅವನಿಗೆ ಬಾಯಿಪಾಠ, ಅರ್ಥ ಮಾತ್ರ ಸೊನ್ನೆ. ಕೊನೆಗೆ ಕನ್ನಡದಲ್ಲಿ ಶುರುಮಾಡಿದೆ. ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಇಬ್ಬರು ಕೂತಿದ್ದಾರೆ, ಒಟ್ಟು ಮೊತ್ತದ ಹಾಳೆ ಒಂದೇ. ದೊಡ್ಡಪ್ಪ ಹಾಳೆ ನೋಡಿ 5,000 ಎಂದು ಮನಸ್ಸಿನಲ್ಲಿಟ್ಟುಕೊಂಡರು. ಅದೇ ಗಳಿಗೆಯಲ್ಲಿ ಚಿಕ್ಕಪ್ಪನೂ 5,000 ನೋಡಿದರು. ದೊಡ್ಡಪ್ಪ ತಮ್ಮ 500 ಸೇರಿಸಿ 5,500 ಬರೆದರು. ಚಿಕ್ಕಪ್ಪ ಅದನ್ನು ಹೊಡೆದು, ತಮ್ಮ 1,000 ಸೇರಿಸಿ 6,000 ಎಂದು ಬರೆದರು. ಡಬ್ಬಿಯಲ್ಲಿ 6,500 ಇದೆ. ಕೂಡುವುದರಲ್ಲಿ ಇಬ್ಬರೂ ತಪ್ಪಿಲ್ಲ, ಆದರೂ 500 ರೂಪಾಯಿ ಲೆಕ್ಕದಿಂದ ಮಾಯ.

ಹಾಗಾದರೆ ಪೆನ್ನು ಒಂದೇ ಇಡೋಣ, ಪೆನ್ನು ಹಿಡಿದವರು ಮಾತ್ರ ಹಾಳೆ ನೋಡಲಿ, ಅಂದ ಹುಡುಗ. ಲಾಕ್ ಅಂದರೆ ಅದೇ. ಆಗ ಇನ್ನೊಬ್ಬರು ಸುಮ್ಮನೆ ಕೂರಬೇಕಲ್ಲ ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟು ಕೊನೆಗೆ ಕೂಡಿದರಾಯಿತು ಅಂದ. ಓಪನ್‌ಎಂಪಿಯಲ್ಲಿ ರಿಡಕ್ಷನ್ ಅನ್ನುವುದು ಇದಕ್ಕೇ!

ಇದೇ ಜಾತಿಯ ತಪ್ಪು 500 ರೂಪಾಯಿಗೇ ನಿಲ್ಲುವುದಿಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೋದಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತದ್ದು ಇಲ್ಲಿ ಹಲವರಿಗೆ ನೆನಪಿರಬೇಕು. ಮರಕ್ಕೆ ತಗುಲಿದ ತಂತಿಗಳು ಒಂದು ಕಾರಣ. ಆದರೆ ಒಹಾಯೋದ ಕಂಟ್ರೋಲ್ ರೂಮಿನ ಅಲಾರ್ಮ್ ಸಾಫ್ಟ್‌ವೇರ್ ಮಧ್ಯಾಹ್ನ 2:14ಕ್ಕೇ ಮೂಕವಾಗಿತ್ತು, ಅಲ್ಲಿದ್ದವರಿಗೆ ಅದು ಗೊತ್ತೇ ಆಗಲಿಲ್ಲ. 4:10ರ ಹೊತ್ತಿಗೆ ಎಲ್ಲ ಮುಗಿದಿತ್ತು. ವಾರಗಟ್ಟಲೆ ಕೋಡ್ ಜಾಲಾಡಿದ ಮೇಲೆ ಸಿಕ್ಕಿದ್ದು ರೇಸ್ ಕಂಡಿಷನ್.

ಕೋರ್ ಹೆಚ್ಚಿದಷ್ಟೂ ವೇಗ ಅನ್ನುವುದೂ ಭ್ರಮೆಯೇ. ಬಡಿಸುವವರು ಐವತ್ತು ಜನ ಇದ್ದರೂ, ನಿಧಾನ ಉಣ್ಣುವ ತಾತ ಏಳುವವರೆಗೆ ಎಲೆ ಎತ್ತುವಂತಿಲ್ಲ, ಮುಂದಿನ ಪಂಕ್ತಿ ಕೂರುವಂತಿಲ್ಲ. 1967ರಲ್ಲಿ ಜೀನ್ ಆಮ್ಡಾಲ್ ಹೇಳಿದ ಲೆಕ್ಕ ಇದಕ್ಕೆ ಹತ್ತಿರದ್ದು. ನೂರು ನಿಮಿಷದ ಕೆಲಸದಲ್ಲಿ ಹತ್ತು ನಿಮಿಷದ್ದನ್ನು ಹಂಚಲಾಗದಿದ್ದರೆ, ಸಾವಿರ ಕೋರ್ ಕೊಟ್ಟರೂ ಹತ್ತು ನಿಮಿಷಕ್ಕಿಂತ ಕೆಳಗೆ ಇಳಿಯದು.

ಬೆಂಗಳೂರಿಗೆ ಇದು ಹೊಸ ವಿದ್ಯೆ ಏನಲ್ಲ. ಅಲ್ಲಿನ ಎನ್‌ಎಎಲ್‌ನಲ್ಲಿ 1986ರಲ್ಲೇ ಫ್ಲೋಸಾಲ್ವರ್ ಎಂಬ ಪ್ಯಾರಲಲ್ ಕಂಪ್ಯೂಟರ್ ಕಟ್ಟಿದ್ದರು, ಪುಣೆಯ ಪರಮ್ 8000 ಬರುವುದಕ್ಕೂ ಐದು ವರ್ಷ ಮೊದಲು. ಆದರೂ ನಾನು ಇಂಟರ್‌ವ್ಯೂ ಮಾಡುವ ಹುಡುಗರಲ್ಲಿ ಡೈನಿಂಗ್ ಫಿಲಾಸಫರ್ಸ್ ಕಥೆ ಒಪ್ಪಿಸುವವರೇ ಹೆಚ್ಚು. ಎರಡು ಥ್ರೆಡ್ ಓಡಿಸಿ ಕೌಂಟರ್ ತಪ್ಪುವುದನ್ನು ಕಣ್ಣಾರೆ ಕಂಡವರು ಅಪರೂಪ. ಈಜನ್ನು ಬೋರ್ಡಿನ ಮೇಲೆ ಕಲಿಸಿದರೆ ಇನ್ನೇನಾಗುತ್ತದೆ? ಮೊದಲ ವರ್ಷದ ಲ್ಯಾಬಿನಲ್ಲೇ ಇದನ್ನು ಶುರುಮಾಡಬೇಕು ಅನ್ನುವುದು ನನ್ನ ವಾದ. ಫ್ರೇಮ್‌ವರ್ಕ್ ಎಲ್ಲ ನೋಡಿಕೊಳ್ಳುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. 2024ರಲ್ಲಿ ಬಂದ ಪೈಥಾನ್ 3.13ರಲ್ಲಿ ಆ ದೊಡ್ಡ ಬೀಗವಿಲ್ಲದ ಪ್ರಾಯೋಗಿಕ ಆವೃತ್ತಿಯೂ ಇದೆ. ಬೀಗ ಹೋದಂತೆಲ್ಲ ಅದರ ಹಿಂದೆ ಅಡಗಿದ್ದ ತಪ್ಪುಗಳೂ ಹೊರಗೆ ಬರುತ್ತವೆ.

ಊರಲ್ಲಿ ಓದುತ್ತಿರುವ ತಮ್ಮ, ತಂಗಿ, ಅಳಿಯ ನಿಮಗೂ ಇರುತ್ತಾರೆ. ಭಾನುವಾರದ ಫೋನಿನಲ್ಲಿ ಹತ್ತು ನಿಮಿಷ ಇದಕ್ಕೆ ಕೊಡಿ, ಕನ್ನಡದಲ್ಲೇ ಹೇಳಿ. ನಮ್ಮ ಹುಡುಗ ಮೊನ್ನೆ ಫೋನ್ ಮಾಡಿದ್ದ. ಅವನ ಪ್ರೋಗ್ರಾಂ ನಾಲ್ಕು ಕೋರಿನಲ್ಲಿ ಒಂದು ಕೋರಿಗಿಂತ ನಿಧಾನವಾಗಿ ಓಡಿತಂತೆ. ನಾನು ಬಾಯಿ ತೆರೆಯುವ ಮೊದಲೇ, "ಎಲ್ಲರೂ ಒಂದೇ ಪೆನ್ನಿಗೆ ಕಿತ್ತಾಡ್ತಿದ್ರು ಮಾಮ, ಹಾಳೆ ಬೇರೆ ಮಾಡ್ತಿದೀನಿ" ಅಂದ.